ಅಕ್ಕನ ಎಡಗಾಲಿನ ಗೆರೆ

ವಾಚಕ ಮಹಾಶಯರೇ, ನೇರವಾದ ಗೆರೆಯನ್ನು ಯಾರು ಬೇಕಾದರೂ ಎಳೆದಾರು. ಬಾಗಿದ ಗೆರೆಗಳನ್ನೆಳೆದು ಹೊಟ್ಟೆ ಹೊರೆಯುತ್ತಾ ಊರಿಂದೂರಿಗೆ ಅಲೆಯುವವನ ಈ ವೃತ್ತಾಂತಕ್ಕೆ ತಾವು ಕಿವಿಗೊಡಬೇಕಾಗಿ ಸವಿನಯ ಪ್ರಾರ್ಥನೆ.

ಅದು ಬೂಟು ಹೊಲಿಯುವ ಕಾರ್ಖಾನೆ. ಪ್ರತಿಯೊಂದು ಬೂಟಿಗೂ ಮೊದಲು ಪಾದದಾಕಾರದ ಮರದ ಅಚ್ಚು ಬೇಕು. ಹಳೆಯ ಅಚ್ಚುಗಳಿಗೆ ಹುಳು ಹಿಡಿದಿತ್ತು. ಅವುಗಳನ್ನು ಅಳೆದು ಕಂಪ್ಯೂಟರಿನಲ್ಲಿ ಮೂಡಿಸುವುದು ನನ್ನ ಕೆಲಸ. ಆ ಗೆರೆಗಳನ್ನೇ ಹಿಡಿದು ಯಂತ್ರವು ಹೊಸ ಅಚ್ಚು ಕೆತ್ತುತ್ತಿತ್ತು. ಊಟದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಗುಂಪು ಸೇರುತ್ತಿದ್ದರು. ಯಜಮಾನನ ಅಕ್ಕ ಮಾತ್ರ ತನ್ನ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಿಂದ ಚರ್ಮದ ತುಂಡುಗಳನ್ನು ಸರಿಸಿ, "ಬಾರೋ ಅಲೆಮಾರಿ, ಕೂತ್ಕೋ" ಎನ್ನುತ್ತಿದ್ದಳು. ಆ ಮಾತಿಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ.

ಆಕೆಯ ಎಡಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿತ್ತು. ತಂದೆ ಕೆತ್ತಿದ ಒಂದೇ ಅಚ್ಚು ಅದಕ್ಕೆ ಒಗ್ಗುತ್ತಿತ್ತು. ಅದೂ ಈಗ ಸೀಳಿಹೋಗಿತ್ತು. ತಂದೆ ಹೋದ ಮೇಲೆ ಆ ಪಾದವನ್ನು ಆಕೆ ಯಾರಿಗೂ ತೋರಿಸಿದವಳಲ್ಲ. ದೂರದ ಊರಿನ ಹೊಲಿಗೆ ಶಾಲೆಯೊಂದು ಆಕೆಯನ್ನು ಶಿಕ್ಷಕಿಯಾಗಿ ಕರೆದಿತ್ತು. ದಿನವಿಡೀ ನಿಂತು ಕಲಿಸುವ ಕೆಲಸ. ಕಾಲಿಗೊಗ್ಗುವ ಬೂಟು ಸಿದ್ಧವಾದ ಮರುದಿನವೇ ಹೊರಡುವುದೆಂದು ನಿಶ್ಚಯಿಸಿದ್ದಳು.

ಒಂದು ಮಧ್ಯಾಹ್ನ ನನ್ನ ಕಂಪ್ಯೂಟರಿನ ಪರದೆಯತ್ತ ಬಗ್ಗಿ ಕೇಳಿದಳು: "ಈ ಚುಕ್ಕೆ ಯಾಕೋ ಗೆರೆಯಿಂದ ಆಚೆ ಒಂಟಿಯಾಗಿ ನಿಂತಿದೆ?"

"ಗೆರೇನ ಬಾಗಿಸೋದೇ ಅದು ಅಕ್ಕಾ. ಚುಕ್ಕೇನ ಎಳೆದ್ರೆ ಗೆರೆ ಅದರ ಕಡೆ ವಾಲುತ್ತೆ. ಆದ್ರೆ ಮುಟ್ಟಲ್ಲ."

"ಅಂದ್ರೆ ಮದುವೆ ಮನೇಲಿ ಓಡಾಡೋ ದೂರದ ಮಾವ ಅನ್ನು. ಎಲ್ಲಾ ಕೆಲಸಕ್ಕೂ ಬೇಕು, ಫೋಟೋದಲ್ಲಿ ಮಾತ್ರ ಇರಲ್ಲ!"

ನಮ್ಮ ಕಸುಬಿನವರಿಗೆ ಒಂದು ಹಟವಿದೆ: ಚುಕ್ಕೆಗಳು ಕಡಿಮೆಯಾದಷ್ಟೂ ಗೆರೆ ನುಣುಪು. ಆಕೆಯ ಅಚ್ಚಿನಲ್ಲಿ ಕಿರುಬೆರಳಿನ ಹಿಂದೆ ಸಣ್ಣದೊಂದು ಉಬ್ಬು ಇತ್ತು. ಮರ ಸೀಳಿ ಎದ್ದದ್ದೆಂದು ಬಗೆದು ಅಲ್ಲಿನ ಚುಕ್ಕೆಗಳನ್ನು ಅಳಿಸಿದೆ. ಗೆರೆ ಬೆಣ್ಣೆ ಸವರಿದಂತಾಯಿತು. ನನಗೆ ನಾನೇ ಭೇಷ್ ಎಂದುಕೊಂಡೆ.

ಬೂಟು ಸಿದ್ಧವಾಯಿತು. ಆಕೆ ಕಿಟಕಿಯವರೆಗೆ ನಡೆದು, ಗೋಡೆ ಹಿಡಿದು ನಿಂತಳು.

"ಕಚ್ಚುತ್ತೆ ಕಣೋ."

"ಹೊಸದಲ್ವೇನಕ್ಕಾ," ಎಂದ ಯಜಮಾನ, "ಹಾಕ್ತಾ ಹಾಕ್ತಾ ಸಡಿಲಾಗುತ್ತೆ."

"ಹಾಗಾದ್ರೆ ನೀನೇ ನಾಲ್ಕು ದಿನ ಹಾಕ್ಕೊಂಡು ಸಡಿಲ ಮಾಡಿ ಕೊಡು!"

ಎಲ್ಲರೂ ನಕ್ಕರು. ಆಕೆ ಕುಳಿತು ಲೇಸು ಬಿಚ್ಚತೊಡಗಿದಳು. "ಬರಕ್ಕಾಗಲ್ಲ ಅಂತ ಶಾಲೆಯವರಿಗೆ ಹೇಳ್ಬಿಡ್ತೀನಿ. ಋಣ ಇಲ್ಲ, ಬಿಡು."

ನನ್ನೆದೆ ಹಗುರವಾಯಿತು. ಅಕ್ಕ ಇಲ್ಲೇ ಉಳಿಯುತ್ತಾಳೆ, ಸ್ಟೂಲೂ ಉಳಿಯುತ್ತದೆ. ಅಷ್ಟರಲ್ಲಿ ಆಕೆ ತನ್ನ ಹರಕು ಬೂಟನ್ನು ಎಳೆದುಕೊಂಡಳು. ಅದರ ಚರ್ಮ ಕಿರುಬೆರಳಿನ ಹಿಂದೆ, ನಾನು ಅಳಿಸಿದ ಜಾಗದಲ್ಲಿಯೇ, ಉಬ್ಬಿ ನಿಂತಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಸಾಕಿತ್ತು.

ಹೊಸ ಬೂಟನ್ನು ಡಬ್ಬಿಗೆ ಹಾಕಿ ಮುಚ್ಚಳವನ್ನು ಒತ್ತಿದ ಆಕೆ, ಕೈಯನ್ನು ಅಲ್ಲಿಂದ ತೆಗೆಯಲೇ ಇಲ್ಲ.

"ಅಕ್ಕಾ, ತಪ್ಪು ನನ್ನ ಗೆರೇದು. ಕಾಲು ಸ್ವಲ್ಪ ತೋರಿಸಿ."

ಆಕೆ ಪಾದವನ್ನು ಹಿಂದಕ್ಕೆಳೆದುಕೊಂಡಳು. "ನೋಡಿ ನಗಬಾರದು ಮತ್ತೆ."

"ನಗೋ ಹಾಗಿರೋದು ನನ್ನ ಗೆರೆ ಅಕ್ಕಾ."

ಕಾಲುಚೀಲ ಕಳಚಿದಳು. ಅಲ್ಲಿ ಮೂಳೆಯೊಂದು ಹೊರಕ್ಕೆ ಚಾಚಿತ್ತು. ಬಗ್ಗುವ ತಂತಿಯನ್ನು ಅದರ ಸುತ್ತ ಒತ್ತಿ ಆಕಾರ ತೆಗೆದೆ. ಅಳಿಸಿದ ಚುಕ್ಕೆಗಳನ್ನು ಒಂದೊಂದಾಗಿ ಮರಳಿಸಿ, ಒಂದನ್ನು ಇನ್ನೂ ಹೊರಕ್ಕೆಳೆದೆ. ಗೆರೆ ಸೊಟ್ಟಗಾಯಿತು, ಸರಿಯಾಯಿತು.

ಆ ಗೆರೆಯ ಅಚ್ಚಿನ ಮೇಲೆ ಮತ್ತೆ ಹೊಲಿದ ಬೂಟು ತೊಟ್ಟು ಆಕೆ ಅಂಗಳ ದಾಟಿ, ಬೀದಿಯ ತಿರುವಿನವರೆಗೂ ಹೋಗಿಬಂದಳು. "ಕಚ್ಚಲ್ಲ ಕಣೋ!" ಎಂದು ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಮರುದಿನ ಪೆಟ್ಟಿಗೆ ಹಿಡಿದು ಹೊರಟಾಗ, "ಹೊತ್ತೊತ್ತಿಗೆ ಉಣ್ಣೋ" ಎಂದಳು. "ಹೂಂ ಅಕ್ಕಾ" ಎಂದೆ.

ಅಂದಿನ ಊಟದ ಹೊತ್ತಿಗೆ ಸ್ಟೂಲಿನ ಮೇಲೆ ಚರ್ಮದ ತುಂಡುಗಳು ರಾಶಿ ಬಿದ್ದಿದ್ದವು. ನಾನೇ ಸರಿಸಿ ಕೂರಬಹುದಿತ್ತು. ನಿಂತೇ ಉಂಡೆ.

ಉಳಿದ ಅಚ್ಚುಗಳ ಗೆರೆಗಳನ್ನು ಆ ವಾರವೇ ಮುಗಿಸಿ, ತಂತಿಯನ್ನೂ ನಾನು ಓದುವ ಹರಕು ಕಾದಂಬರಿಗಳನ್ನೂ ಚೀಲಕ್ಕೆ ತುರುಕಿದೆ.

"ಇನ್ನೂ ಸ್ವಲ್ಪ ದಿನ ಇರಬಹುದಿತ್ತಲ್ಲಯ್ಯ," ಎಂದ ಯಜಮಾನ.

"ಬರ್ತೀನಿ ಯಜಮಾನ್ರೇ."

ಅಕ್ಕ ಬೀದಿಯ ತಿರುವಿನಲ್ಲಿ ಬಲಕ್ಕೆ ಹೊರಳಿದ್ದಳು. ನಾನು ಚೀಲವನ್ನು ಇನ್ನೊಂದು ಹೆಗಲಿಗೇರಿಸಿ ಎಡಕ್ಕೆ ಹೊರಟೆ.