ಮುತ್ತಜ್ಜಿಯ ಹೆಸರಿನ ಮುಂದೆ

"ಈ ಸಾಲು ನಂಗೆ ಬಿಡಿಸೋಕೆ ಆಗ್ತಿಲ್ಲ, ದೊಡ್ಡಮ್ಮ. ನೀವೇ ಓದಿ ಹೇಳಿ" ಎಂದು ರೊಸೌರಾ ಜೆರಾಕ್ಸ್ ಹಾಳೆಯೊಂದನ್ನು ಮೇಜಿನ ಮೇಲೆ ಸರಿಸಿದಳು.

ಕನ್ನಡಕ ಏರಿಸಿಕೊಂಡು ಬಗ್ಗಿದ ಹೆನೊವೇವಾ ಮೊದಲ ಸಾಲಿಗೇ ತಡೆದು ನಿಂತಳು. 1852ನೇ ಇಸವಿಯಲ್ಲಿ ಊರ ಚರ್ಚಿನಲ್ಲಿ ನಡೆದ ದೀಕ್ಷಾಸ್ನಾನದ ದಾಖಲೆ. ಆ ಪುಟ ಅವಳಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ನ್ಯೂ ಮೆಕ್ಸಿಕೋದ ಆ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹದಿನೈದು ವರ್ಷಗಳಿಂದ ಶನಿವಾರ ಬೆಳಿಗ್ಗೆ ವಂಶಾವಳಿ ಹುಡುಕುವವರ ಕೂಟ ಸೇರುತ್ತಿತ್ತು. ಅದನ್ನು ಕಟ್ಟಿದವಳು ಹೆನೊವೇವಾ. ಮೇಷ್ಟರಗಿರಿಯಿಂದ ನಿವೃತ್ತಳಾದವಳು, ಹಳೆಯ ಪಾದ್ರಿಗಳ ಕಾಗೆಕಾಲು ಗುಬ್ಬಿಕಾಲಿನ ಸ್ಪ್ಯಾನಿಷ್ ಬರಹ ಬಿಡಿಸುವುದರಲ್ಲಿ ಎತ್ತಿದ ಕೈ. ಅಲ್ಲಿ ಕೂತವರೆಲ್ಲರ ಅಜ್ಜ ಮುತ್ತಜ್ಜಂದಿರನ್ನು ಹುಡುಕಿಕೊಟ್ಟವಳು ಅವಳೇ. ಅವಳು ಓದಿದ್ದೇ ಶಾಸನ.

ರೊಸೌರಾ ಅವಳ ತಂಗಿ ಅಡೆಲಾಳ ಮಗಳು. ಕೂಟಕ್ಕೆ ಬರತೊಡಗಿ ಮೂರು ವಾರ. ಅದಕ್ಕೂ ಮುಂಚೆ ದೊಡ್ಡಮ್ಮನ ಮುಖ ಕಂಡವಳಲ್ಲ. ಅಡೆಲಾ ಅಮೆರಿಕದ ಮೂಲನಿವಾಸಿಗಳಾದ ನವಹೊ ಬುಡಕಟ್ಟಿನವನೊಬ್ಬನನ್ನು ಮದುವೆಯಾಗಿ ಬಂದ ದಿನ ಅಪ್ಪ, ನಮ್ಮದು ಸ್ಪೇನಿನಿಂದ ಬಂದ ಬೆರಕೆಯಿಲ್ಲದ ರಕ್ತ ಎಂದು ಹೊಸ್ತಿಲಲ್ಲೇ ತಡೆದಿದ್ದ. ಬಾಗಿಲ ಅಗುಳಿ ಹಾಕಿದವಳು ಹೆನೊವೇವಾ. ಅಪ್ಪ ಸತ್ತ ಮೇಲೂ ಅವಳು ತಂಗಿಯನ್ನು ಕರೆಯಲಿಲ್ಲ.

ಒಂಬತ್ತು ವರ್ಷದ ಹಿಂದೆ ಈ ಪುಟ ಮೊದಲು ಕಣ್ಣಿಗೆ ಬಿದ್ದಾಗ ಅಡೆಲಾ ಇನ್ನೂ ಇದ್ದಳು. ಮರಿಯಾ ಎಸ್ಕೊಲಾಸ್ತಿಕಾ, ಅಪ್ಪನ ಸ್ವಂತ ಅಜ್ಜಿ. ಹೆಸರಿನ ಮುಂದೆ ಪಾದ್ರಿ ಬರೆದಿದ್ದ: 'ವ್ಯಾಪಾರಿಗಳಿಂದ ಕೊಂಡ ನವಹೊ ಹುಡುಗಿ. ವಯಸ್ಸು ಸುಮಾರು ಏಳು. ತಂದೆತಾಯಿ ಗೊತ್ತಿಲ್ಲ.' ಅಂದು ಹೆನೊವೇವಾ ಮನೆಗೆ ಹೋಗಿ ಊಟ ಬಿಟ್ಟು ಮಲಗಿದ್ದಳು. ತಂಗಿಗೆ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ನಾಳೆ, ನಾಡಿದ್ದು ಎಂದು ಐದು ವರ್ಷ ತಳ್ಳಿದಳು. ಅಷ್ಟರಲ್ಲಿ ಅಡೆಲಾ ಮಣ್ಣು ಸೇರಿದಳು. ಮಣ್ಣಿಗೂ ಇವಳು ಹೋಗಲಿಲ್ಲ.

ಈಗ ಮೇಜಿನ ಸುತ್ತಲಿನವರು ಅವಳ ಬಾಯನ್ನೇ ನೋಡುತ್ತಿದ್ದರು. ಹೆನೊವೇವಾ ಸಾಲಿನ ಕೆಳಗೆ ಬೆರಳಾಡಿಸಿದಳು.

"ಮರಿಯಾ ಎಸ್ಕೊಲಾಸ್ತಿಕಾ. ಇದೇ ಊರಿನ ಸ್ಪ್ಯಾನಿಷ್ ಗಂಡಹೆಂಡ್ತಿಯ ಮಗಳು. ಮುಂದಿಂದು ಮಸಿ ಹರಡಿಬಿಟ್ಟಿದೆ, ಓದೋಕಾಗಲ್ಲ."

ರೊಸೌರಾ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಬೇರೆಯವರಿಗೆ ಕೇಳಿಸದ ಹಾಗೆ ದೊಡ್ಡಮ್ಮನ ಕಿವಿಯ ಹತ್ತಿರ ಬಾಗಿದಳು.

"ನಮ್ಮ ಕಾಲೇಜಲ್ಲಿ ಒಬ್ರ ಹತ್ರ ಓದಿಸ್ಕೊಂಡೇ ಬಂದಿದ್ದೆ, ದೊಡ್ಡಮ್ಮ. ಸಾಯೋವರೆಗೂ ಅಮ್ಮಂದು ಒಂದೇ ಮಾತು. ಅಕ್ಕ ಕೆಟ್ಟೋಳಲ್ಲ ಕಣೆ, ಅಪ್ಪ ಹೇಳಿದ್ದನ್ನ ನಂಬ್ಕೊಂಡಿದ್ದಾಳೆ ಅಷ್ಟೆ ಅಂತ. ಅದು ನಿಜಾನಾ ಅಂತ ನೋಡೋಕೆ ಬಂದೆ."

"ಕೂತ್ಕೋ" ಎಂದಳು ಹೆನೊವೇವಾ.

ರೊಸೌರಾ ಕೂರಲಿಲ್ಲ. ಎಲ್ಲರಿಗೂ ಬರ್ತೀನಿ ಎಂದು ಹೇಳಿ, ಕುರ್ಚಿಯನ್ನು ಸದ್ದಾಗದಂತೆ ಒಳಕ್ಕೆ ತಳ್ಳಿ ಹೊರಟುಹೋದಳು.

ಹುಡುಗಿಗೆ ಏನಂತೆ ಎಂದು ಕೂಟದ ಮುದುಕ ಎಲಿಸೆಯೋ ವಿಚಾರಿಸಿದ. ಏನೋ ಕೆಲಸವಂತೆ ಎಂದಳು ಹೆನೊವೇವಾ. ಹಾಗಾದರೆ ನಮ್ಮ ತಾತನ ಮದುವೆಯ ಪುಟ ನೋಡಿಬಿಡಿ, ಮೇಡಂ, ಎಂದು ಅವನು ತನ್ನ ಹಾಳೆಯನ್ನು ಅವಳ ಮುಂದಿಟ್ಟ. ಅವಳು ಕನ್ನಡಕ ಒರೆಸಿಕೊಂಡು ಓದತೊಡಗಿದಳು. ಮೇಜಿನ ಸುತ್ತ ಕೂತವರು ತಲೆ ತಗ್ಗಿಸಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು.