ಹವಳದ ಮೇಲಿನ ಕೆಸರು

ಆ ಬೇಸಿಗೆ ಕಡಲು ಕಾದು, ತಿಳಿನೀರಿನ ಹವಳದ ದಿಬ್ಬಗಳೆಲ್ಲ ಸುಣ್ಣ ಬಳಿದಂತೆ ಬಿಳಿಚಿಕೊಂಡವು. ನದಿ ಬಂದು ಸೇರುವ ಕಡೆ, ರಾಡಿನೀರಿನಲ್ಲಿರುವ ದಿಬ್ಬ ಮಾತ್ರ ಕಂದುಬಣ್ಣ ಬಿಟ್ಟಿರಲಿಲ್ಲ. ಫೋಟೋಗಳಲ್ಲಂತೂ ಹಾಗೇ ಕಾಣುತ್ತಿತ್ತು. ಕಡಲಜೀವಿ ಪ್ರಯೋಗಾಲಯದ ಮುಖ್ಯಸ್ಥೆ, ರಾಡಿ ಬಿಸಿಲನ್ನು ತಡೆದು ಹವಳವನ್ನು ಉಳಿಸಿದೆ ಎಂಬುದನ್ನು ಪತ್ರಿಕೆಯವರಿಗೆ ಎರಡೇ ಪದಗಳಲ್ಲಿ ಹೇಳಿದ್ದಳು: "ಕೆಸರೇ ಕೊಡೆ."

ಆಡಿದವಳಿಗಿಂತ ಮೊದಲು ಮಾತು ಊರು ಸುತ್ತಿತು. ಅವಳ ಮಾವನವರು ಆ ಸುದ್ದಿಯನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹಾಲು ಹಾಕುವವನಿಗೂ ಓದಿ ಹೇಳಿದರು. ಬಂದರಿನ ಎಂಜಿನಿಯರು ತಾವಾಗಿ ಫೋನ್ ಮಾಡಿದರು. ಅವರ ಖುಷಿಗೆ ಕಾರಣವಿತ್ತು. ಹಡಗಿನ ದಾರಿಯ ಹೂಳೆತ್ತುವಾಗ ನೀರು ಇನ್ನಷ್ಟು ಕದಡುತ್ತದೆ. ಬಿಸಿ ಇಳಿಯುವ ತನಕ ಆ ಕೆಲಸ ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಸಭೆ ಕರೆದಿದ್ದರು. ಅಲ್ಲಿ ಅವಳ ಮಾತೇ ಕೊನೆಯ ಮಾತು.

ಸಭೆಗೆ ಒಂದು ವಾರ ಇರುವಾಗ, ದಿಬ್ಬದಲ್ಲಿ ಇಟ್ಟಿದ್ದ ಉಷ್ಣತೆ ಅಳೆಯುವ ಯಂತ್ರವನ್ನು ತರಲು ಅವಳೇ ನೀರಿಗಿಳಿದಳು. ಜೊತೆಗೆ ಅವಳ ತಮ್ಮ. ಪ್ರಯೋಗಾಲಯದ ನೀರೊಳಗಿನ ಫೋಟೋಗಳೆಲ್ಲ ಅವನವೇ.

ಅವಳ ತಂಡಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಹವಳವನ್ನು ಮುಟ್ಟುವುದಿರಲಿ, ಹತ್ತಿರದಲ್ಲಿ ಕೈ ಬೀಸುವಂತೆಯೂ ಇಲ್ಲ. ಹಿಂದೊಮ್ಮೆ ಯಾರದೋ ಮೊಣಕೈ ತಾಗಿ ಹವಳದ ಕೊಂಬೆಯೊಂದು ಲಟಕ್ಕನೆ ಮುರಿದಾಗ ಅವಳೇ ಮಾಡಿದ ನಿಯಮ. ಅಂದಿನಿಂದ ಎಲ್ಲರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಈಜುತ್ತಿದ್ದರು. "ನಮ್ಮಕ್ಕ ಮೀನುಗಳಿಗೂ ಕೈಕಟ್ಟಿ ನಿಲ್ಲೋಕೆ ಹೇಳ್ತಾಳೆ, ಪಾಪ ಅವಕ್ಕೆ ಕೈಯಿಲ್ಲ" ಎಂದು ತಮ್ಮ ನಗಿಸುತ್ತಿದ್ದ.

ಯಂತ್ರ ಬಿಚ್ಚಿಕೊಂಡು ತಿರುಗುವಾಗ ಅವಳು ಕಾಲಿಗೆ ತೊಟ್ಟಿದ್ದ ಈಜುರೆಕ್ಕೆಯ ಬೀಸಿಗೆ ಒಂದು ದೊಡ್ಡ ಗುಂಡುಹವಳದ ಮೇಲಿನ ಹೂಳು ಹೊಗೆಯಂತೆ ಎದ್ದಿತು. ಅಡಿಯಲ್ಲಿ ಹವಳ ಬೆಳ್ಳಗಿತ್ತು. ಪಕ್ಕದ ಹವಳದ ಮೇಲೆ ಅವಳೇ ಕೈ ಬೀಸಿದಳು. ಅದೂ ಬಿಳಿ. ಅದರಾಚೆಯದೂ ಬಿಳಿ.

ಅರ್ಥವಾಗಲು ಪುಸ್ತಕ ತೆರೆಯಬೇಕಿರಲಿಲ್ಲ. ಆರೋಗ್ಯವಾಗಿರುವ ಹವಳ ತನ್ನ ಮೇಲೆ ಬಿದ್ದ ಹೂಳನ್ನು ಲೋಳೆ ಸುರಿಸಿ ತಾನೇ ಜಾರಿಸಿಕೊಳ್ಳುತ್ತದೆ. ಬಿಸಿಗೆ ಬಳಲಿ ಬಿಳಿಚಿದ ಹವಳಕ್ಕೆ ಆ ತ್ರಾಣವಿರುವುದಿಲ್ಲ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಅವಳು ಮಾಡುತ್ತಿದ್ದ ಮೊದಲ ಪಾಠವೇ ಇದು. ಕೆಸರಿನ ನೆರಳು ಸುಳ್ಳೇನಲ್ಲ, ಕೆಲವು ಜಾತಿಗಳನ್ನು ಅದು ಕಾಪಾಡಿಯೂ ಇರಬಹುದು. ಆದರೆ ಅವಳು ಆರೋಗ್ಯವೆಂದು ಎಣಿಸಿದ ಕಂದುಬಣ್ಣ ಹವಳದ್ದಾಗಿರಲಿಲ್ಲ, ಅದರ ಮೇಲೆ ಕೂತ ಮಣ್ಣಿನದಾಗಿತ್ತು.

ಆಗ ಅವಳ ಕೈ ಒಂದು ಕೆಲಸ ಮಾಡಿತು. ತಳದ ಹೂಳನ್ನು ಬೊಗಸೆಯಲ್ಲಿ ತೆಗೆದು ಆ ಬಿಳಿ ಹವಳದ ಮೇಲೆ ಉದುರಿಸಿತು. ಬೆಕ್ಕು ತನ್ನ ಹೇಲಿನ ಮೇಲೆ ಮಣ್ಣೆಳೆಯುವಂತೆ, ಅಷ್ಟೇ ಜತನದಿಂದ. ತಲೆಯೆತ್ತಿದಾಗ ರಾಡಿಯಲ್ಲಿ ತಮ್ಮನ ದೀಪ ಮಂಕಾಗಿ ಕಂಡಿತು. ಅದು ಯಾವ ಕಡೆಗೆ ತಿರುಗಿದೆಯೆಂದು ತಿಳಿಯಲಿಲ್ಲ.

ದೋಣಿ ಹತ್ತಿದ ಮೇಲೆ ತಮ್ಮ ಕೇಳಿದ, "ಏನಕ್ಕಾ, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

"ಉಪ್ಪುನೀರು ಹೋಯ್ತು ಬಾಯಿಗೆ."

"ಸಮುದ್ರ ಅಂದ್ಮೇಲೆ ಪಾನಕ ಇರುತ್ತಾ?"

ಮರುದಿನ ಹೇಳಿದರಾಯಿತು ಎಂದುಕೊಂಡಳು. ಮರುದಿನ, ಇನ್ನೊಮ್ಮೆ ನೋಡಿ ಹೇಳಿದರಾಯಿತು ಎಂದುಕೊಂಡಳು. ಇನ್ನೊಮ್ಮೆ ನೋಡಲು ಹೋಗಲಿಲ್ಲ. ಬೆಳಿಗ್ಗೆ ಮೊಸರು ತೆಗೆಯಲು ಫ್ರಿಜ್ಜಿನ ಮುಂದೆ ನಿಂತರೆ ಅಂಟಿಸಿದ ಪತ್ರಿಕೆಯ ತುಣುಕಿನಲ್ಲಿ ತನ್ನದೇ ಮುಖ ನಗುತ್ತಿತ್ತು. ಪ್ರಯೋಗಾಲಯದ ಕಿಟಕಿಯಿಂದ ಹೂಳೆತ್ತುವ ಹಡಗು ಕಾಣುತ್ತಿತ್ತು. ಅದರ ಹಿಂದೆ ನೀರು ದಿನದಿಂದ ದಿನಕ್ಕೆ ಕೆಂಪಾಗುತ್ತಿತ್ತು. ಅವಳು ಪರದೆ ಎಳೆದು ಕೆಲಸ ಮಾಡತೊಡಗಿದಳು.

ಸಭೆಯ ಕೋಣೆಯಲ್ಲಿ ಎಂಜಿನಿಯರು ಅವಳಿಗೆ ತಾವೇ ಕುರ್ಚಿ ಎಳೆದುಕೊಟ್ಟರು. "ನಮ್ಮ ಮೇಡಂ ಹೇಳಿದ್ದಾರಲ್ಲ, ಕೆಸರೇ ಕೊಡೆ ಅಂತ. ನಾವು ಕೊಡೆ ಇನ್ನಷ್ಟು ಅಗಲ ಮಾಡ್ತಿದೀವಿ ಅಷ್ಟೆ!" ಎಲ್ಲರೂ ನಕ್ಕರು. "ಕೆಲಸ ಮುಂದುವರಿಸಬಹುದು ಅಂತ ಒಂದು ಮಾತು ಹೇಳಿಬಿಡಿ ಮೇಡಂ, ಆಮೇಲೆ ಚಹಾ."

"ಬೇಡ" ಎಂದಳು.

"ಚಹಾ ಬೇಡ್ವಾ?"

"ಹೂಳೆತ್ತೋದು ಬೇಡ. ನಾನು ಹೇಳಿದ್ದು ತಪ್ಪು." ಅವಳ ದನಿ ಅವಳಿಗೇ ಕೀರಲಾಗಿ ಕೇಳಿಸಿತು. "ಫೋಟೋದಲ್ಲಿ ನಾವು ಎಣಿಸಿದ್ದು ಹವಳಾನ ಅಲ್ಲ, ಅದರ ಮೇಲಿನ ಮಣ್ಣನ್ನ. ಕೆಳಗೆ ಬೆಳ್ಳಗಾಗಿದೆ. ಬದುಕಿರೋದು ಇನ್ನೂ ಇರಬಹುದು, ಆದ್ರೆ ಮೇಲೆ ಮಣ್ಣು ಬೀಳ್ತಾನೇ ಇದ್ರೆ ಅದೂ ಉಳಿಯಲ್ಲ."

ಎಂಜಿನಿಯರ ನಗು ಮುಖದಲ್ಲೇ ಸ್ವಲ್ಪ ಹೊತ್ತು ನಿಂತು ಮಾಯವಾಯಿತು. "ಇದು ನಿಮಗೆ ಗೊತ್ತಾಗಿದ್ದು ಯಾವಾಗ?"

ಇವತ್ತು ಬೆಳಿಗ್ಗೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. "ಹೋದ ವಾರ."

"ವಾರವೆಲ್ಲ ನಮ್ಮ ಹಡಗು ಅಲ್ಲೇ ಓಡಾಡ್ತಾ ಇತ್ತಲ್ಲ ಮೇಡಂ! ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು" ಎಂದಳು. ಆ ಕೋಣೆಯಲ್ಲಿ ಅದನ್ನು ಬರೆದುಕೊಳ್ಳಲು ಯಾರಿಗೂ ತೋಚಲಿಲ್ಲ.

ಕೆಲಸ ನಿಲ್ಲಿಸುವುದೆಂದು ತೀರ್ಮಾನವಾಯಿತು. ಯಾರೂ ಅವಳನ್ನು ಬೈಯಲಿಲ್ಲ. ಹೊರಡುವಾಗ ಯಾರೂ ಮಾತಾಡಿಸಲೂ ಇಲ್ಲ.

ತಮ್ಮ ಮೆಟ್ಟಿಲ ಬಳಿ ಕಾಯುತ್ತಿದ್ದ. ಅವಳು ನಡೆದದ್ದನ್ನೆಲ್ಲ ಹೇಳಿದಳು, ಬೊಗಸೆ ಹೂಳಿನ ವಿಷಯ ಬಿಟ್ಟು.

"ಮುಚ್ಚಿದ್ದು ಹೇಳ್ಲಿಲ್ವಾ?" ಎಂದ.

"ನೋಡಿದ್ಯಾ?"

"ದೀಪ ನನ್ನ ಕೈಯಲ್ಲೇ ಇತ್ತಲ್ಲ."

"ಮತ್ತೆ ಬಾಯಿ ಯಾಕೆ ಬಿಡ್ಲಿಲ್ಲ ನೀನು?"

ಅವನು ಈ ಸಲ ನಗಿಸಲಿಲ್ಲ. "ನೀನೇ ಹೇಳ್ತೀಯ ಅಂತ ದಿನಾ ಕಾದೆ. ಆಮೇಲೆ, ಇನ್ನು ಹೇಳಿದ್ರೆ ಇಷ್ಟು ದಿನ ನಾನ್ಯಾಕೆ ಸುಮ್ನಿದ್ದೆ ಅಂತ ನನ್ನನ್ನೇ ಕೇಳ್ತಾರಲ್ಲ ಅನ್ನಿಸ್ತು. ನಂಗೂ ನಾಚಿಕೆ ಆಯ್ತಕ್ಕ."

ಅವಳು ಮೆಟ್ಟಿಲು ಹತ್ತಿ, ಎಂಜಿನಿಯರು ಬಾಗಿಲು ಹಾಕುವ ಮೊದಲೇ ಆ ಕೋಣೆಗೆ ಹಿಂತಿರುಗಿದಳು.