ಕಾಫಿ ಬಂತಾ ಎನ್ನುವ ಮುಖ

ರೇಡಿಯೋ ಟೀಚರ್ ಎಂಬ ಹೆಸರನ್ನು ಅವರಿಗೆ ಇಟ್ಟದ್ದು ಮಕ್ಕಳಲ್ಲ. ಅವರ ತರಗತಿಯಲ್ಲಿ ಮಕ್ಕಳಿಗೆ ಬಾಯಿ ಬಿಡಲು ಅವಕಾಶವೆಲ್ಲಿತ್ತು? ಇಟ್ಟವರು ಪಕ್ಕದ ತರಗತಿಯ ಟೀಚರುಗಳು, ಗೋಡೆಯಾಚೆಯಿಂದ ಕೇಳಿ ಕೇಳಿ ಕಿವಿ ತೂತಾದವರು. ಶಿಶುವಿಹಾರದ ಕೆಲಸದಿಂದ ನಿವೃತ್ತರಾದರೂ ರೇಡಿಯೋ ಮಾತ್ರ ಆರಲಿಲ್ಲ. ಅವರ ಯಜಮಾನರು ಬದುಕಿದ್ದಷ್ಟು ಕಾಲ ಮಿತಭಾಷಿ ಎಂದು ಹೆಸರಾಗಿದ್ದರು. ಅದು ಗುಣವಲ್ಲ, ಗತಿ ಎಂಬುದು ಯಜಮಾನರಿಗೊಬ್ಬರಿಗೇ ಗೊತ್ತಿತ್ತು.

ಇಂಥ ಟೀಚರ್‌ಗೆ ಇದ್ದದ್ದು ಒಬ್ಬನೇ ಮೊಮ್ಮಗ, ಅವನು ಮಾತೇ ಆಡುತ್ತಿರಲಿಲ್ಲ. ದೀಪದ ಕೆಳಗೆ ಕತ್ತಲೆ ಎನ್ನುವುದು ಇದಕ್ಕೇ. ಪುಟ್ಟನಿಗೆ ಮೂರು ತುಂಬುತ್ತ ಬಂದಿತ್ತು. ಕಿವಿ ನೋಡಿದ ಡಾಕ್ಟರು ಕಿವಿ ಸರಿಯಿದೆ ಎಂದರು, ಬಾಯಿ ನೋಡಿದವರು ಬಾಯಿ ಸರಿಯಿದೆ ಎಂದರು. ಅವನು ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿದ್ದ. ಬೆರಳು ಪೂರ್ತಿ ಏಳುವ ಮೊದಲೇ ಟೀಚರ್, “ಏನ್ ಬೇಕು ನನ್ ರಾಜಂಗೆ? ನೀರಾ? ಬಾಳೆಹಣ್ಣಾ? ಬಾಳೆಹಣ್ಣಂತೆ ಕಣ್ರೀ!” ಎಂದು ಕೇಳಿ, ತಾವೇ ಉತ್ತರ ಹೇಳಿ, ಸುಲಿದೂ ಕೊಟ್ಟುಬಿಡುತ್ತಿದ್ದರು. ಪುಟ್ಟ ತಿಂದು ಸುಮ್ಮನಾಗುತ್ತಿದ್ದ. ಅವನಿಗೆ ಬೇಕಿದ್ದದ್ದು ಕೆಲವೊಮ್ಮೆ ನೀರಾಗಿರುತ್ತಿತ್ತು.

ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲೆಲ್ಲ ಮಗು ಅಜ್ಜಿಯ ಪಾಲಿಗೆ. ಆ ಪಾಲಿಗೇ ಒಂದು ದಿನ ಕತ್ತರಿ ಬಿತ್ತು.

“ಅಮ್ಮಾ, ಬೇಜಾರು ಮಾಡ್ಕೋಬೇಡ. ಬರೋ ತಿಂಗಳಿಂದ ಪುಟ್ಟನ್ನ ಡೇಕೇರ್‌ಗೆ ಬಿಡೋಣ ಅಂತಿದೀವಿ,” ಎಂದಳು ಮಗಳು.

“ಯಾಕೆ, ನಾನೇನು ಸತ್ತುಹೋಗಿದೀನಾ?”

“ಹಾಗಲ್ಲಮ್ಮ. ಅಲ್ಲಿ ಬೇರೆ ಮಕ್ಕಳಿರ್ತಾರೆ. ಮಾತು ಬರಬಹುದು.”

“ಇಲ್ಲೇನು ಮಾತಿಗೆ ಬರವಾ?”

“ಬರ ಅಲ್ಲಮ್ಮ, ಪ್ರವಾಹ. ಅವನಿಗೆ ಕಾಲೂರೋಕೆ ಒಂಚೂರು ಜಾಗ ಬೇಡ್ವಾ?”

ಅಂದು ಟೀಚರ್‌ಗೆ ಊಟ ಸೇರಲಿಲ್ಲ. ಮಗು ಹೋದರೆ ಹಗಲೆಲ್ಲ ಯಾರ ಜೊತೆ ಮಾತಾಡುವುದು, ಸೋಫಾದ ಜೊತೆಯೇ? ತಿಂಗಳು ತಿರುಗುವುದರೊಳಗೆ ಪುಟ್ಟ ತನ್ನ ಜೊತೆ ಮಾತಾಡಬೇಕು, ಆಡಿಸಿಯೇ ತೀರುತ್ತೇನೆ ಎಂದು ಹಟ ತೊಟ್ಟರು. ಹಟ ತೊಟ್ಟವರು ಮಾಡಿದ ಮೊದಲ ಕೆಲಸವೆಂದರೆ ಇನ್ನಷ್ಟು ಮಾತಾಡಿದ್ದು.

ಅದೇ ಸಮಯಕ್ಕೆ ಅವರಿಗೊಂದು ಕರೆ ಬಂತು. ಮಕ್ಕಳ ಬೆಳವಣಿಗೆಯ ಬಗ್ಗೆ ಸಂಶೋಧನೆ ಮಾಡುವ ಕೇಂದ್ರವೊಂದರಲ್ಲಿ ಎಳೆಯ ಮಕ್ಕಳಿಗಾಗಿ ಪಾಠದ ವಿಡಿಯೋ ತಯಾರಾಗುತ್ತಿತ್ತು, ಪಾಠ ಹೇಳಲು ಅನುಭವಸ್ಥರು ಬೇಕಿತ್ತು. ಸಂಶೋಧನೆ ನಡೆಸುತ್ತಿದ್ದವಳು ಸಣ್ಣ ವಯಸ್ಸಿನ ಹುಡುಗಿ. ಡಾಕ್ಟರೇಟ್ ಪಡೆದವಳಾದ್ದರಿಂದ ಟೀಚರ್ ಅವಳನ್ನು ಡಾಕ್ಟರಮ್ಮ ಎಂದೇ ಕರೆದರು. ಇಂಜೆಕ್ಷನ್ ಕೊಡದ ಡಾಕ್ಟರನ್ನು ಅವರು ಕಂಡದ್ದು ಅದೇ ಮೊದಲು.

ಡಾಕ್ಟರಮ್ಮನ ವಾದ ಹೀಗಿತ್ತು: ಸುಮ್ಮನೆ ವಟಗುಟ್ಟುವ ಪರದೆಯಿಂದ ಎಳೆ ಮಕ್ಕಳು ಹೆಚ್ಚೇನೂ ಕಲಿಯುವುದಿಲ್ಲ. ಪರದೆಯ ಮೇಲಿನವರು ಪ್ರಶ್ನೆ ಕೇಳಿ, ಉತ್ತರಕ್ಕಾಗಿ ನಿಜವಾಗಿ ಕಾಯುತ್ತಿರುವಂತೆ ಕಂಡರೆ ಮಗು ಬಾಯಿ ಬಿಡುತ್ತದೆ. ಇದನ್ನು ಪರೀಕ್ಷಿಸಲು ಒಂದೇ ಪಾಠ ಎರಡು ಬಗೆಯಲ್ಲಿ ಬೇಕಿತ್ತು, ಕಾಯದ ಪಾಠ ಮತ್ತು ಕಾಯುವ ಪಾಠ. ಕಾಯದ ಪಾಠವನ್ನು ಟೀಚರ್ ಒಂದೇ ಏಟಿಗೆ ಮುಗಿಸಿದರು. ಕ್ಯಾಮೆರಾದವನು ಚಪ್ಪಾಳೆ ತಟ್ಟಿದ. ಎರಡನೆಯದರಲ್ಲಿ ಗಾಡಿ ಹೂತುಕೊಂಡಿತು.

“ಪುಟಾಣಿ, ಬಾತುಕೋಳಿ ಎಲ್ಲಿದೆ? ಅಗೋ, ಡಬ್ಬದ ಹಿಂದೆ!” ಎಂದರು ಟೀಚರ್.

“ಟೀಚರ್, ಉತ್ತರ ನೀವು ಹೇಳ್ಬಾರ್ದು,” ಎಂದಳು ಡಾಕ್ಟರಮ್ಮ.

“ಮತ್ತೆ ಯಾರು ಹೇಳ್ಬೇಕು?”

“ನೋಡ್ತಿರೋ ಮಗು ಹೇಳುತ್ತೆ.”

“ಹೇಳದೇ ಇದ್ರೆ?”

“ಕಾಯ್ಬೇಕು.”

“ಕಾಯ್ತಾ ಕೂತ್ರೆ ಪಾಠ ಮುಗಿಯೋದು ಯಾವಾಗಮ್ಮ? ಮಗು ದೊಡ್ಡದಾಗಿ ಮದುವೆ ಆಗೋದಿಲ್ವಾ?”

ಮತ್ತೊಮ್ಮೆ ಪ್ರಯತ್ನಿಸಿದರು. ಈ ಸಲ ತುಟಿಗಳು ಮುಚ್ಚಿಕೊಂಡಿದ್ದವು, ಆದರೆ ಹುಬ್ಬುಗಳು ಡಬ್ಬದ ಹಿಂದೆ, ಡಬ್ಬದ ಹಿಂದೆ ಎಂದು ಕುಣಿಯುತ್ತಿದ್ದವು. ಅದರ ಮುಂದಿನ ಸಲ ಹುಬ್ಬು ಹಿಡಿತಕ್ಕೆ ಬಂತು, ಬಾಯಿ ತಪ್ಪಿಸಿಕೊಂಡಿತು: “ಹೇಳು ಬಂಗಾರ, ಹೇಳೋ, ಹೇಳ್ಬಾರ್ದಾ, ಡಬ್ಬ ಅನ್ನು!” ಇಡೀ ದಿನ ಹೀಗೇ ಕಳೆಯಿತು. ನಡುನಡುವೆ ಹೊರಗಿನ ಓಣಿಯಲ್ಲಿ ಕಾಫಿಯ ತಳ್ಳುಗಾಡಿಯ ಚಕ್ರ ಕಿರುಗುಟ್ಟಿದಾಗ ಮಾತ್ರ ಎಲ್ಲರಿಗೂ ಸ್ವಲ್ಪ ಬಿಡುವು. ಕಡೆಗೆ ಡಾಕ್ಟರಮ್ಮ ಹಣೆ ಒರೆಸಿಕೊಂಡು, “ಇರಲಿ ಬಿಡಿ ಟೀಚರ್. ಎಡಿಟಿಂಗ್‌ನಲ್ಲಿ ಏನಾದ್ರೂ ಮಾಡ್ತೀವಿ,” ಎಂದಳು.

ಕೆಲವು ದಿನಗಳಲ್ಲಿ, ತಯಾರಾದ ಕಾಯುವ ಪಾಠದ ಪ್ರತಿ ಮನೆಗೆ ಬಂತು. ಟೀಚರ್ ಮಗಳ ಟ್ಯಾಬ್ಲೆಟ್ಟಿನಲ್ಲಿ ಅದನ್ನು ಹಾಕಿ, ಪುಟ್ಟನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪಾಠಕ್ಕಿಂತ ಜೋರಾಗಿ ಪಾಠದ ವಿವರಣೆ ಕೊಟ್ಟರು. ಪುಟ್ಟ ಒಮ್ಮೆ ಪರದೆಯ ಅಜ್ಜಿಯನ್ನು ನೋಡಿದ, ಒಮ್ಮೆ ತೊಡೆಯ ಅಜ್ಜಿಯನ್ನು ನೋಡಿದ. ಏನೂ ಹೇಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಟೀಚರ್ ಮಿಕ್ಸಿ ಓಡಿಸುತ್ತಿದ್ದರು. ನಿಲ್ಲಿಸಿದಾಗ ಹಜಾರದಿಂದ ಯಾವುದೋ ಮಗುವಿನ ದನಿ ಕೇಳಿಸಿತು.

“ಡಬ್ಬದ ಹಿಂದೆ.”

ಟೀಚರ್ ಮೆಲ್ಲಗೆ ಇಣುಕಿದರು. ಪುಟ್ಟ ನೆಲದ ಮೇಲೆ ಕೂತಿದ್ದ, ಎದುರಿಗೆ ಟ್ಯಾಬ್ಲೆಟ್ಟು, ಪಕ್ಕದಲ್ಲಿ ಅವನ ಹಳದಿ ಪ್ಲಾಸ್ಟಿಕ್ ಲೋಟ. ಪರದೆಯ ಅಜ್ಜಿ ಇನ್ನೇನೋ ಕೇಳಿ, ತಲೆಯನ್ನು ಸ್ವಲ್ಪ ವಾಲಿಸಿ, ಕಣ್ಣರಳಿಸಿ ಕಾಯುತ್ತಿದ್ದಳು. ಅವಳ ಮುಖ ನೋಡುತ್ತ ಪುಟ್ಟ ಸಮಾಧಾನ ಹೇಳುವವನಂತೆ, “ಇನ್ನೂ ಬಂದಿಲ್ಲ. ಇರು,” ಎಂದ.

ಯಾರು ಬಂದಿಲ್ಲ? ಅಮ್ಮನೇ? ಅದನ್ನು ಯೋಚಿಸುವ ವ್ಯವಧಾನ ಟೀಚರ್‌ಗೆಲ್ಲಿ! “ಅಯ್ಯೋ ನನ್ನ ಚಿನ್ನ ಮಾತಾಡ್ತು! ಏನಂದೆ ಬಂಗಾರ? ಇನ್ನೊಂದ್ಸಲ ಹೇಳು! ಅಜ್ಜಿಗೆ ಹೇಳು! ಡಬ್ಬ ಅಂದ್ಯಾ? ಡಬ್ಬ ಅಂದ ಕಣ್ರೀ!” ಎನ್ನುತ್ತ ಓಡಿಬಂದರು. ಪುಟ್ಟನ ಬಾಯಿ ಅಂಗಡಿಯ ಶಟರ್ ಎಳೆದಂತೆ ಮುಚ್ಚಿಕೊಂಡಿತು. ಸಂಜೆಯವರೆಗೆ ತೆರೆಯಲಿಲ್ಲ.

ಮಗಳಿಗೆ ಇದನ್ನು ಹೇಳಬೇಕಿತ್ತು, ಹೇಳಲಿಲ್ಲ. ಏನೆಂದು ಹೇಳುವುದು? ಮಾತಾಡಿದ, ಆದರೆ ನನ್ನ ಜೊತೆಯಲ್ಲ ಎಂದೇ? ಅವನು ಮಾತಾಡಿದ್ದು ಆ ಹೆಂಗಸಿನ ಜೊತೆ. ಅದೇ ಮೂಗು, ಅದೇ ಕನ್ನಡಕ, ಇವರದೇ ನೀಲಿ ಸೀರೆ. ಟೀಚರ್‌ಗೆ ಹೊಟ್ಟೆ ಉರಿಯಿತು. ಮನೆಯಲ್ಲಿ ಯಾರೂ ಇಲ್ಲದಾಗ, ಮಗು ನಿದ್ದೆ ಮಾಡುತ್ತಿದ್ದಾಗ, ಟ್ಯಾಬ್ಲೆಟ್ಟನ್ನು ಎದುರಿಗೆ ನಿಲ್ಲಿಸಿಕೊಂಡು, “ಏನೇ, ನನ್ ಮೊಮ್ಮಗನಿಗೆ ಏನು ಮದ್ದು ಹಾಕಿದೀಯ?” ಎಂದು ಜಗಳಕ್ಕೆ ನಿಂತರು.

“ಬಾತುಕೋಳಿ ಎಲ್ಲಿದೆ?” ಎಂದು ಕೇಳಿ ಅವಳು ಸುಮ್ಮನಾದಳು. ಎಷ್ಟು ಆಸೆಯಿಂದ ಕಾಯುತ್ತಿದ್ದಳೆಂದರೆ, ಜಗತ್ತಿನಲ್ಲಿ ಅವಳಿಗೆ ಬೇಕಾದದ್ದು ಈ ಒಂದು ಉತ್ತರವೇ ಎನಿಸಬೇಕು.

“ಡಬ್ಬದ ಹಿಂದೆ,” ಎಂದುಬಿಟ್ಟರು ಟೀಚರ್. ಆಮೇಲೆ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು.

ಶನಿವಾರ ಮಗಳು ಮನೆಯಲ್ಲಿದ್ದಳು. ಟೀಚರ್ ನೆಟ್ಟಗೆ ಸಂಶೋಧನಾ ಕೇಂದ್ರಕ್ಕೆ ನಡೆದರು.

“ನೋಡಮ್ಮ, ನಾನು ಸುಮ್ಮನಿದ್ದೆ ಅಂದ್ರೆ ನನ್ನ ಹೆತ್ತವರೇ ನಂಬಲ್ಲ. ಆ ಅಜ್ಜಿ ಸುಮ್ಮನಿದ್ದದ್ದು ಯಾವಾಗ?”

ಡಾಕ್ಟರಮ್ಮ ಕ್ಯಾಮೆರಾದವನ ಮುಖ ನೋಡಿದಳು. ಅವನು ನೆಲ ನೋಡಿದ. ಕ್ಯಾಮೆರಾ ಆರಿಸಲು ಸೋಮಾರಿತನವಾಗಿ ಇಡೀ ದಿನ ಹಾಗೇ ಓಡಲು ಬಿಟ್ಟಿದ್ದನಂತೆ. ಹಳೆಯ ಚಿತ್ರಣವನ್ನು ಧ್ವನಿಯ ಸಮೇತ ಹಾಕಿ ತೋರಿಸಿದ. ಟೀಚರ್ ಏನೋ ವಾದ ಮಾಡುತ್ತಿದ್ದಾರೆ. ಓಣಿಯಲ್ಲಿ ತಳ್ಳುಗಾಡಿ ಕಿರುಗುಟ್ಟುತ್ತದೆ. ಮಾತು ಅರ್ಧಕ್ಕೇ ನಿಲ್ಲುತ್ತದೆ. ತಲೆ ವಾಲುತ್ತದೆ, ಕಣ್ಣು ಅರಳುತ್ತದೆ, ಹುಬ್ಬು ಅಲುಗುವುದಿಲ್ಲ, ಮುಖದಲ್ಲಿ ಅಪಾರ ಭರವಸೆ. ಆಮೇಲೆ, “ಕಾಫಿ ಬಂತಾ?”

“ಆ ‘ಕಾಫಿ ಬಂತಾ’ ಅನ್ನೋದನ್ನ ಕತ್ತರಿಸಿದ್ವಿ, ಟೀಚರ್. ಮುಖ ಉಳಿಸ್ಕೊಂಡ್ವಿ,” ಎಂದ ಕ್ಯಾಮೆರಾದವನು. “ಇಡೀ ದಿನದಲ್ಲಿ ಅದೊಂದೇ ಸಿಕ್ಕಿದ್ದು.”

“ಮಕ್ಕಳಿಗೆ ಆ ಮುಖ ಅಂದ್ರೆ ಪ್ರಾಣ,” ಎಂದಳು ಡಾಕ್ಟರಮ್ಮ. “ತಮ್ಮ ಮಾತನ್ನ ಇಷ್ಟು ಆಸೆಯಿಂದ ಯಾರೂ ಕೇಳಿಲ್ಲ ಅನ್ನೋ ಹಾಗೆ ಉತ್ತರ ಕೊಡ್ತಾರೆ.”

ಟೀಚರ್ ಮೊದಲು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದಾರಿಯಲ್ಲಿ ನಗು ಮುಗಿಯಿತು, ನೀರು ಹಾಗೇ ಉಳಿಯಿತು. ಒಂದು ಲೋಟ ಕಾಫಿಗೆ ಕೊಡುತ್ತಿದ್ದ ಮರ್ಯಾದೆಯನ್ನು ತಾನು ಒಮ್ಮೆಯಾದರೂ ಆ ಮಗುವಿಗೆ ಕೊಟ್ಟಿದ್ದೆನೇ? ನಾಚಿಕೆಯಾಯಿತು. ಯಜಮಾನರೂ ನೆನಪಾದರು, ಪಾಪ, ಅವರಿಗೆ ಏನೇನು ಹೇಳುವುದಿತ್ತೋ.

ಡೇಕೇರ್‌ಗೆ ಕಳಿಸುವ ಹಿಂದಿನ ದಿನ. ಹೊಸ ಚೀಲ ಬಾಗಿಲ ಬಳಿ ಸಿದ್ಧವಾಗಿ ಕೂತಿತ್ತು. ಟ್ಯಾಬ್ಲೆಟ್ಟನ್ನು ಕಪಾಟಿನಲ್ಲಿಟ್ಟು ಟೀಚರ್ ಪುಟ್ಟನ ಎದುರು ನೆಲದ ಮೇಲೆ ಕೂತರು. ಮಂಡಿ ಲಟಲಟ ಎಂದಿತು. “ಪುಟ್ಟಾ, ನಿನ್ನ ಹೊಸ ಚೀಲದಲ್ಲಿ ಏನಿದೆ?” ಎಂದು ಕೇಳಿದರು. ಕೇಳಿ, ಓಣಿಯಲ್ಲಿ ತಳ್ಳುಗಾಡಿ ಬರುತ್ತಿದೆ ಎಂದುಕೊಂಡು ಕಾದರು.

ಎದೆಯಲ್ಲಿ ಮಾತು ಒತ್ತಿಕೊಂಡು ಬಂತು. ಟವೆಲ್ಲಿದೆ ಅನ್ನಲೇ? ಬಿಸ್ಕತ್ತಿದೆ ಅನ್ನಲೇ? ನುಂಗಿದರು. ಪುಟ್ಟ ಅನುಮಾನದಿಂದ ನೋಡಿದ. ಎದ್ದು ಅವರ ಬೆನ್ನ ಹಿಂದೆ ಹೋಗಿ ಪರೀಕ್ಷಿಸಿ ಬಂದ. ಕೆನ್ನೆಯ ಮೇಲೆ ಬೆರಳಿಟ್ಟು, ಟ್ಯಾಬ್ಲೆಟ್ಟಿನ ಪರದೆಯನ್ನು ಸರಿಸುವಂತೆ ಪಕ್ಕಕ್ಕೆ ಸರಿಸಿ ನೋಡಿದ. ಅಜ್ಜಿ ಬದಲಾಗಲಿಲ್ಲ, ಹಾಗೇ ಕಾಯುತ್ತಿದ್ದರು. ಆಗ ಅವನು ಅರ್ಥವಾದವನಂತೆ ತಲೆಯಾಡಿಸಿ ಮೂಲೆಗೆ ಓಡಿದ, ಹಳದಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಜೋಪಾನವಾಗಿ ತಂದ.

“ಕಾಫಿ ಬಂತು ಅಜ್ಜಿ,” ಎಂದ. “ಬಿಸಿ ಇದೆ. ಊದ್ಕೊಂಡು ಕುಡಿ.”

ಟೀಚರ್‌ಗೆ ಆಗ ಹೊಳೆಯಿತು. ದಿನಾ ಸಂಜೆ ಮಗಳು ಕಾಫಿ ಬೆರೆಸುವಾಗ ಇದೇ ಮುಖ ಅಡುಗೆಮನೆಯ ಕಡೆ ತಿರುಗಿರುತ್ತಿತ್ತು. ಅದನ್ನು ಕೆಳಗಿನಿಂದ ನೋಡುತ್ತ ಬೆಳೆದವನು ಇವನು. ಇನ್ನೂ ಬಂದಿಲ್ಲ, ಇರು ಎಂದು ಅವನು ಸಮಾಧಾನ ಹೇಳಿದ್ದು ಬೇರೆ ಯಾವ ಹೆಂಗಸಿಗೂ ಅಲ್ಲ. ಕಾಫಿ ಸಿಗದೆ ಗಾಜಿನೊಳಗೆ ಕಾಯುತ್ತಿದ್ದ ತನ್ನ ಅಜ್ಜಿಗೆ. ಸಂಶೋಧನಾ ಕೇಂದ್ರದವರೆಲ್ಲ ಸೇರಿ ಆ ಮುಖಕ್ಕೆ ಬೇರೆ ಅರ್ಥ ಹಚ್ಚಿದರೂ ಇವನು ಮೋಸಹೋಗಿರಲಿಲ್ಲ.

ಬಾಗಿಲಲ್ಲಿ ಮಗಳು ನಿಂತಿದ್ದಳು, ಚಪ್ಪಲಿ ಒಂದು ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಅಮ್ಮಾ, ಅವನು...” ಎಂದಳು. “ನಾಳೆ ಬರಲ್ಲ ಅಂತ ಡೇಕೇರ್‌ನೋರಿಗೆ ಫೋನ್ ಮಾಡ್ಲಾ?”

ಟೀಚರ್ ತುಟಿಯ ಮೇಲೆ ಬೆರಳಿಟ್ಟು ಮಗಳನ್ನು ಸುಮ್ಮನಾಗಿಸಿದರು. ಆಮೇಲೆ ಖಾಲಿ ಲೋಟವನ್ನು ಊದಿ, ಒಂದು ಗುಟುಕು ಕುಡಿದರು.

“ಸಕ್ಕರೆ ಸಾಕಾ?” ಎಂದು ಕೇಳಿದ ಪುಟ್ಟ.

ಎಲ್ಲದಕ್ಕೂ ಉತ್ತರವಿದ್ದ ಟೀಚರ್‌ಗೆ ಇದಕ್ಕೆ ಉತ್ತರ ಹೇಳಲು ಬಹಳ ಹೊತ್ತು ಬೇಕಾಯಿತು. ಅವನು ತಲೆಯನ್ನು ಸ್ವಲ್ಪ ವಾಲಿಸಿ, ಕಣ್ಣರಳಿಸಿ ಕಾದ.